ಕಾಮಗಾರಿ ಬಿಲ್ ಬಾಕಿಯ ದಾವೆಯಲ್ಲಿ ಎದುರು ಪಕ್ಷದಿಂದ ಹೆಚ್ಚಿನ ವಿವರ ಕೇಳುವ ಕ್ರಮ

ಕಾಮಗಾರಿಯ ಬಿಲ್ ಬಾಕಿಗಾಗಿ ನಡೆಯುವ ದಾವೆಗಳಲ್ಲಿ “ಹೆಚ್ಚುವರಿ ಕೆಲಸದ ಬಾಬ್ತು 38 ಲಕ್ಷ ರೂಪಾಯಿ ಬರಬೇಕಿದೆ” ಎಂಬ ಒಂದೇ ಸಾಲಿನ ಬೇಡಿಕೆ, ಅದಕ್ಕೆ ಎದುರಾಗಿ “ಕೆಲಸ ಕಳಪೆಯಾಗಿದ್ದರಿಂದ ಹಣ ತಡೆಹಿಡಿಯಲಾಗಿದೆ” ಎಂಬ ಒಂದೇ ಸಾಲಿನ ಉತ್ತರ, ಇವೆರಡೂ ಮತ್ತೆ ಮತ್ತೆ ಕಾಣಸಿಗುತ್ತವೆ. ಯಾವ ಕೆಲಸ, ಯಾರ ಸೂಚನೆಯ ಮೇರೆಗೆ ನಡೆದದ್ದು, ಯಾವಾಗ ಅಳತೆಯಾಯಿತು ಎಂಬುದು ತಿಳಿಯದಿದ್ದರೆ ಸರಿಯಾದ ಉತ್ತರ ಬರೆಯಲು ಯಾರಿಗೂ ಸಾಧ್ಯವಿಲ್ಲ.

ಸಿವಿಲ್ ಪ್ರಕ್ರಿಯಾ ಸಂಹಿತೆಯ 6ನೇ ಆದೇಶದ (ಆರ್ಡರ್, ಅಂದರೆ ಸಂಹಿತೆಯ ಒಂದು ಅಧ್ಯಾಯ) 2ನೇ ನಿಯಮದಂತೆ ವಾದಪತ್ರದಲ್ಲಿ (ದಾವೆಯ ಅರ್ಜಿ ಅಥವಾ ಅದಕ್ಕೆ ಕೊಡುವ ಲಿಖಿತ ಹೇಳಿಕೆ) ಮುಖ್ಯ ಸಂಗತಿಗಳಿರಬೇಕೇ ಹೊರತು ಸಾಕ್ಷ್ಯವಲ್ಲ. 4ನೇ ನಿಯಮದಂತೆ ವಂಚನೆ, ತಪ್ಪು ನಿರೂಪಣೆ, ಉದ್ದೇಶಪೂರ್ವಕ ಲೋಪ ಮುಂತಾದವನ್ನು ಆರೋಪಿಸುವವರು ಅಗತ್ಯವಿದ್ದಲ್ಲಿ ದಿನಾಂಕ ಮತ್ತು ಬಾಬ್ತುಗಳ ಸಮೇತ ವಿವರ ಕೊಡಬೇಕು. ಹೆಚ್ಚಿನ ವಿವರ ಕೊಡುವಂತೆ ಆದೇಶಿಸಲು ಅವಕಾಶವಿದ್ದ 5ನೇ ನಿಯಮವನ್ನು 1999ರ ತಿದ್ದುಪಡಿ ಕಾಯ್ದೆ ತೆಗೆದುಹಾಕಿತು. ಆ ತಿದ್ದುಪಡಿ 2002ರ ಜುಲೈ 1ರಿಂದ ಜಾರಿಯಲ್ಲಿದೆ. ಆದ್ದರಿಂದ ಹಳೆಯ ಅರ್ಜಿಯ ಮಾದರಿಯನ್ನು ನಕಲು ಮಾಡುವ ಮುನ್ನ ಅದರಲ್ಲಿ ಯಾವ ನಿಯಮ ನಮೂದಾಗಿದೆ ಎಂಬುದನ್ನು ನೋಡಿಕೊಳ್ಳಬೇಕು.

ಮೊದಲ ಹೆಜ್ಜೆ ವಕೀಲರ ಮೂಲಕ ಬರೆಯುವ ಪತ್ರ. ಅದಕ್ಕೂ ಮುನ್ನ ವಾದಪತ್ರವನ್ನು ಒಪ್ಪಂದದ ಬಾಬ್ತುಪಟ್ಟಿ, ಆರ್‌ಎ ಬಿಲ್‌ಗಳು (ಕೆಲಸ ಸಾಗಿದಂತೆ ಕಂತುಕಂತಾಗಿ ಸಲ್ಲಿಸುವ ರನ್ನಿಂಗ್ ಅಕೌಂಟ್ ಬಿಲ್‌ಗಳು) ಮತ್ತು ಮುಗಿದ ಕೆಲಸದ ಅಳತೆ ದಾಖಲಿಸುವ ಅಳತೆ ಪುಸ್ತಕದ ಜೊತೆ ಇಟ್ಟು ಓದಬೇಕು. ಕೈಯಲ್ಲಿರುವ ಕಾಗದದಲ್ಲೇ ಸಿಗುವ ವಿವರವನ್ನು ಎದುರು ಪಕ್ಷದಿಂದ ಕೇಳಿದರೆ, ನಿಜವಾಗಿಯೂ ಬೇಕಾದ ಪ್ರಶ್ನೆಯ ತೂಕವೂ ಇಳಿಯುತ್ತದೆ. ಪ್ರತಿ ಪ್ರಶ್ನೆಯೂ ವಾದಪತ್ರದ ಒಂದು ನಿರ್ದಿಷ್ಟ ಕಂಡಿಕೆಗೆ ಅಂಟಿಕೊಂಡಿರಬೇಕು. ಉದಾಹರಣೆಗೆ ಹೀಗೆ ಬರೆಯಬಹುದು:

“14ನೇ ಕಂಡಿಕೆಯಲ್ಲಿ ಹೇಳಿರುವ ಹೆಚ್ಚುವರಿ ಕೆಲಸದ ಪ್ರತಿ ಬಾಬ್ತಿಗೂ (ಅ) ಸೂಚನೆ ಕೊಟ್ಟವರು ಯಾರು, ಯಾವ ದಿನಾಂಕದಂದು, ಬಾಯಿಮಾತಿನಲ್ಲೋ ಬರಹದಲ್ಲೋ, (ಆ) ಪ್ರಮಾಣ ಎಷ್ಟು, ಅಳತೆ ಪುಸ್ತಕದ ಯಾವ ಪುಟ, (ಇ) ದರ ಒಪ್ಪಂದದ್ದೋ ಹೊಸದೋ, ಹೊಸದಾದರೆ ಅದನ್ನು ನಿಗದಿಪಡಿಸಿದ್ದು ಹೇಗೆ, (ಈ) ಯಾವ ಆರ್‌ಎ ಬಿಲ್‌ನಲ್ಲಿ ಸೇರಿಸಲಾಗಿತ್ತು ಎಂಬುದನ್ನು ತಿಳಿಸುವುದು.”

ಗುತ್ತಿಗೆದಾರನೇ ಕೇಳುವವನಾದರೆ ಕಟ್ಟಡದ ಯಾವ ಭಾಗದಲ್ಲಿ ಯಾವ ದೋಷ, ಅದನ್ನು ತಿಳಿಸಿದ ಪತ್ರದ ದಿನಾಂಕ, ಸರಿಪಡಿಸಲು ಕೊಟ್ಟ ಅವಧಿ, ಕಡಿತದ ಮೊತ್ತವನ್ನು ಲೆಕ್ಕ ಹಾಕಿದ ಬಗೆ, ಇವನ್ನು ಕೇಳಬೇಕು. ತಡೆಹಿಡಿದ ಭದ್ರತಾ ಠೇವಣಿಯ ಪ್ರಶ್ನೆ ಬೇರೆಯೇ ಇರಲಿ. ದೋಷದ ಕಡಿತದೊಂದಿಗೆ ಬೆರೆತರೆ ಎರಡರ ಲೆಕ್ಕವೂ ಗೋಜಲಾಗುತ್ತದೆ. ಯಾರನ್ನು ಸಾಕ್ಷಿಯಾಗಿ ಕರೆಯುತ್ತೀರಿ, ಹೇಗೆ ರುಜುವಾತು ಮಾಡುತ್ತೀರಿ ಎಂದು ಕೇಳುವಂತಿಲ್ಲ.

ಪತ್ರಕ್ಕೆ ಉತ್ತರ ಬಾರದಿದ್ದರೆ ನ್ಯಾಯಾಲಯದ ಅನುಮತಿ ಪಡೆದು 11ನೇ ಆದೇಶದಡಿ ಪ್ರಶ್ನಾವಳಿ ಸಲ್ಲಿಸಬಹುದು. ಅದಕ್ಕೆ ಹತ್ತು ದಿನಗಳೊಳಗೆ, ಇಲ್ಲವೇ ನ್ಯಾಯಾಲಯ ಅನುಮತಿಸಿದ ಅವಧಿಯಲ್ಲಿ, ಪ್ರಮಾಣಪತ್ರದ (ಅಫಿಡವಿಟ್) ಮೂಲಕ ಉತ್ತರಿಸಬೇಕು. ನಿರ್ಮಾಣ ಒಪ್ಪಂದದ ವಿವಾದ 3 ಲಕ್ಷ ರೂಪಾಯಿಗೆ ಕಡಿಮೆಯಿಲ್ಲದಿದ್ದರೆ ಅದು ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ, 2015ರ ವ್ಯಾಪ್ತಿಗೆ ಬರುತ್ತದೆ, ಅಲ್ಲಿ 11ನೇ ಆದೇಶದ ಪಾಠವೇ (ನಿಯಮಗಳ ಒಕ್ಕಣೆಯೇ) ಬೇರೆ. ಅರ್ಜಿ ಬರೆಯುವಾಗ ಆ ಪಾಠವನ್ನೇ ಮುಂದಿಟ್ಟುಕೊಳ್ಳಬೇಕು.

ವಿವರ ಬರಲಿ ಎಂದು ಲಿಖಿತ ಹೇಳಿಕೆಯನ್ನು ತಡಮಾಡುವುದು ಎಲ್ಲಕ್ಕಿಂತ ಅಪಾಯಕಾರಿ. ವಾಣಿಜ್ಯ ದಾವೆಯಲ್ಲಿ ಸಮನ್ಸ್ ಜಾರಿಯಾದ ದಿನದಿಂದ 30 ದಿನ, ಕಾರಣ ದಾಖಲಿಸಿ ವಿಸ್ತರಿಸಿದರೂ 120 ದಿನ ಮಾತ್ರ. ಆ ಗಡಿ ಕಡ್ಡಾಯವೆಂದು ಸುಪ್ರೀಂ ಕೋರ್ಟ್ 2019ರಲ್ಲಿ ಎಸ್‌ಸಿಜಿ ಕಾಂಟ್ರಾಕ್ಟ್ಸ್ ಪ್ರಕರಣದಲ್ಲಿ ಹೇಳಿದೆ. ವಿವರ ಬಾರದಿದ್ದರೂ ಹೇಳಿಕೆ ಸಲ್ಲಿಸಿ, “14ನೇ ಕಂಡಿಕೆಯಲ್ಲಿ ವಿವರವಿಲ್ಲ, ಇಂಥ ದಿನಾಂಕದ ಪತ್ರದಲ್ಲಿ ಕೇಳಿದರೂ ಕೊಟ್ಟಿಲ್ಲ” ಎಂದು ದಾಖಲಿಸಬೇಕು. 8ನೇ ಆದೇಶದ 3ಎ ನಿಯಮ ನಿರಾಕರಣೆಗೆ ಕಾರಣವನ್ನೂ ಕೇಳುವುದರಿಂದ ಬರಿಯ “ಸುಳ್ಳು” ಎಂಬ ಪದ ಸಾಲದು.

ವಿವಾದ ನ್ಯಾಯಾಲಯದ ಬದಲು ಆರ್ಬಿಟ್ರೇಷನ್‌ಗೆ (ಪಕ್ಷಗಳು ಒಪ್ಪಿದ ಮಧ್ಯಸ್ಥಗಾರರ ತೀರ್ಮಾನಕ್ಕೆ) ಹೋಗಿದ್ದರೆ ದಾರಿ ಹೆಚ್ಚು ಸುಲಭವೆಂಬುದು ನನ್ನ ಅಭಿಪ್ರಾಯ. 1996ರ ಆರ್ಬಿಟ್ರೇಷನ್ ಮತ್ತು ಕನ್ಸಿಲಿಯೇಷನ್ ಕಾಯ್ದೆಯ 19ನೇ ಕಲಮಿನಂತೆ ಆರ್ಬಿಟ್ರೇಷನ್ ನಡೆಸುವ ನ್ಯಾಯಮಂಡಳಿಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಬಂಧನವಿಲ್ಲ. ಬಾಬ್ತುವಾರು ಬೇಡಿಕೆ, ಉತ್ತರ, ಮೊತ್ತಗಳನ್ನು ಎದುರುಬದುರು ಕೋಷ್ಟಕದಲ್ಲಿ ತೋರಿಸುವ ಸ್ಕಾಟ್ ಶೆಡ್ಯೂಲ್ ಸಲ್ಲಿಸಲು ನಿರ್ದೇಶಿಸಿ ಎಂದು ಮೊದಲ ಬೈಠಕ್ಕಿನಲ್ಲೇ ಕೋರಬೇಕು. 23(4)ನೇ ಕಲಮು ಬೇಡಿಕೆ ಮತ್ತು ಉತ್ತರಗಳ ಸಲ್ಲಿಕೆಗೆ ಆರು ತಿಂಗಳನ್ನಷ್ಟೇ ಕೊಡುವುದರಿಂದ, ಆ ಬೈಠಕ್ಕಿನಲ್ಲಿ ಸುಮ್ಮನಿದ್ದವರಿಗೆ ಮುಂದೆ ಕೇಳಲು ಸಮಯ ಸಿಗುವುದು ಕಷ್ಟ.