ಕಾರಿನಲ್ಲಿ ಲ್ಯಾಪ್‌ಟಾಪ್ ಬಳಸುವವರಿಗೆ ಜಿಪಿಎಸ್ ರಿಸೀವರ್ ಮತ್ತು ನಕ್ಷೆಯ ತಂತ್ರಾಂಶ

ಊರಿಂದೂರಿಗೆ ದಾರಿ ಕೇಳುವುದಷ್ಟೇ ಉದ್ದೇಶವಾದರೆ ಫೋನ್ ಸಾಕು, ಲ್ಯಾಪ್‌ಟಾಪಿನ ಗೊಡವೆ ಬೇಡ. ಆದರೆ ಸರ್ವೆ, ಅರಣ್ಯ ಅಥವಾ ನೀರಾವರಿ ಕೆಲಸಕ್ಕೆ ಹೋಗುವವರು ತಾವೇ ಸಿದ್ಧಪಡಿಸಿದ ನಕ್ಷೆಯ ಮೇಲೆ ವಾಹನ ಎಲ್ಲಿದೆ ಎಂಬುದನ್ನು ದೊಡ್ಡ ಪರದೆಯಲ್ಲಿ, ನೆಟ್‌ವರ್ಕ್ ಇಲ್ಲದ ಕಡೆಯೂ ನೋಡಬೇಕಾಗುತ್ತದೆ. ಇಂಥವರು ಸಾಮಾನ್ಯವಾಗಿ ಮೊದಲು ಉಪಗ್ರಹಗಳ ಸಂಕೇತ ಹಿಡಿದು ಸ್ಥಾನ ಹೇಳುವ ಜಿಪಿಎಸ್ ರಿಸೀವರ್ ಕೊಂಡು ಆಮೇಲೆ ತಂತ್ರಾಂಶ ಹುಡುಕಲು ಹೊರಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಈ ಕ್ರಮವನ್ನು ತಿರುವುಮುರುವು ಮಾಡಬೇಕು.

ಇದಕ್ಕೆ ಕಾರಣವಿದೆ. ಯುಎಸ್‌ಬಿ ರಿಸೀವರ್‌ಗಳಲ್ಲಿ ಹೆಚ್ಚಿನವು ಸ್ಥಾನ, ಸಮಯ ತಿಳಿಸುವ ಎನ್‌ಎಂಇಎ 0183 ಎಂಬ ಮಾದರಿಯ ಅಕ್ಷರಸಾಲುಗಳನ್ನು ಕಾಮ್ ಪೋರ್ಟ್ (ವಿಂಡೋಸ್‌ನಲ್ಲಿ ಸೀರಿಯಲ್ ಸಾಧನಗಳ ದ್ವಾರ) ಮೂಲಕ ಸಾಮಾನ್ಯವಾಗಿ ಸೆಕೆಂಡಿಗೊಮ್ಮೆ ಕಳುಹಿಸುತ್ತವೆ. ಸ್ವಂತ ನಕ್ಷೆ ತೆರೆಯಬಲ್ಲ ಕ್ಯೂಜಿಐಎಸ್‌ನಂಥ ತಂತ್ರಾಂಶಗಳು ಈ ಪೋರ್ಟನ್ನು ನೇರವಾಗಿ ಓದುತ್ತವೆ. ಬ್ರೌಸರ್‌ನಲ್ಲಿ ತೆರೆಯುವ ನಕ್ಷೆಗಳು ಹಾಗಲ್ಲ. ಅವು ವಿಂಡೋಸ್‌ನ ಸ್ಥಳಸೇವೆಯನ್ನು ಕೇಳುತ್ತವೆ, ಅದಕ್ಕೆ ಕಾಮ್ ಪೋರ್ಟ್‌ನಲ್ಲಿ ಬರುವ ಮಾಹಿತಿ ತಾನಾಗಿ ತಲುಪುವುದಿಲ್ಲ. ಹೀಗಾಗಿ ರಿಸೀವರ್‌ನ ದೀಪ ಸರಿಯಾಗಿ ಮಿನುಗುತ್ತಿದ್ದರೂ ಬ್ರೌಸರ್ ಮಾತ್ರ ವೈಫೈ ಆಧಾರದ ಮೇಲೆ ಎಲ್ಲೋ ದೂರದ ಜಾಗವನ್ನು ತೋರಿಸುವುದುಂಟು. ಅನೇಕ ರಿಸೀವರ್‌ಗಳಲ್ಲಿರುವ ಯು-ಬ್ಲಾಕ್ಸ್ ಕಂಪನಿಯ ಚಿಪ್‌ಗಳಿಗೆ, ಸ್ಥಾನವನ್ನು ಈ ಸ್ಥಳಸೇವೆಗೆ ಒದಗಿಸುವ ಸೆನ್ಸರ್ ಡ್ರೈವರ್ ದೊರೆಯುತ್ತದೆ. ಆದರೆ ವಿಂಡೋಸ್ ಅದನ್ನು ಅಳವಡಿಸಿಕೊಂಡರೆ ಕಾಮ್ ಪೋರ್ಟ್ ಕಾಣೆಯಾಗಬಹುದು. ಆಗ ಡಿವೈಸ್ ಮ್ಯಾನೇಜರ್‌ನಲ್ಲಿ ಡ್ರೈವರ್ ಬದಲಿಸಬೇಕಾಗುತ್ತದೆ.

ತಂತ್ರಾಂಶದ ವಿಷಯಕ್ಕೆ ಬಂದರೆ, ವಿಂಡೋಸ್‌ನಲ್ಲಿ ತಿರುವು ತಿರುವಿಗೂ ದಾರಿ ಹೇಳುವ ಆಯ್ಕೆಗಳು ಇಂದು ಬಹಳ ಕಡಿಮೆ. ಮೈಕ್ರೋಸಾಫ್ಟ್‌ನ ಮ್ಯಾಪ್‌ಪಾಯಿಂಟ್ 2014ರ ಕೊನೆಗೇ ನಿಂತುಹೋಯಿತು. ಹಳೆಯ ಸಿಡಿ ಅಗ್ಗಕ್ಕೆ ಸಿಕ್ಕಿತೆಂದು ಕೊಂಡರೆ ಅದರಲ್ಲಿರುವ ರಸ್ತೆಗಳೂ ಅಷ್ಟೇ ಹಳೆಯವಾಗಿರುತ್ತವೆ. ಸ್ವಂತ ನಕ್ಷೆ ಮುಖ್ಯವಾದವರಿಗೆ ಕ್ಯೂಜಿಐಎಸ್ ಉತ್ತಮ, ಆದರೆ ಅದು 'ಎಡಕ್ಕೆ ತಿರುಗಿ' ಎಂದು ಹೇಳುವುದಿಲ್ಲ. ದಾರಿಯನ್ನೂ ಹೇಳಬೇಕೆಂದಿದ್ದರೆ ಲಿನಕ್ಸ್ ಮೇಲೆ ನಾವಿಟ್ ಎಂಬ ತಂತ್ರಾಂಶ ಬಳಸಬಹುದು. ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಮುಕ್ತ ನಕ್ಷೆಯ ದತ್ತಾಂಶವನ್ನು ಮನೆಯಲ್ಲೇ ಇಳಿಸಿಕೊಂಡರೆ ಅದಕ್ಕೆ ಇಂಟರ್ನೆಟ್ ಬೇಕಿಲ್ಲ. ಲಿನಕ್ಸ್‌ನ ಜಿಪಿಎಸ್‌ಡಿ ಎಂಬ ಹಿನ್ನೆಲೆ ತಂತ್ರಾಂಶ ಒಂದೇ ರಿಸೀವರನ್ನು ಹಲವು ತಂತ್ರಾಂಶಗಳಿಗೆ ಹಂಚುತ್ತದೆ, ವಿಂಡೋಸ್‌ನಲ್ಲಿ ಕಾಮ್ ಪೋರ್ಟ್ ಸಾಮಾನ್ಯವಾಗಿ ಮೊದಲು ತೆರೆದ ತಂತ್ರಾಂಶದ ಪಾಲು.

ಇಷ್ಟು ತೀರ್ಮಾನವಾದ ಮೇಲೆ ರಿಸೀವರ್. ಪೆನ್‌ಡ್ರೈವ್‌ನಂತೆ ನೇರವಾಗಿ ಚುಚ್ಚುವ ಮಾದರಿ ಅಗ್ಗ, ಆದರೆ ಲ್ಯಾಪ್‌ಟಾಪ್ ಸೀಟಿನ ಮೇಲಿದ್ದರೆ ಅದಕ್ಕೆ ಆಕಾಶವೇ ಕಾಣುವುದಿಲ್ಲ. ಒಂದೂವರೆ, ಎರಡು ಮೀಟರ್ ಕೇಬಲ್ ಮತ್ತು ತಳದಲ್ಲಿ ಅಯಸ್ಕಾಂತ ಇರುವುದನ್ನೇ ಕೊಳ್ಳಿ. ಡ್ಯಾಶ್‌ಬೋರ್ಡ್ ಮೇಲಾಗಲಿ ಹೊರಗೆ ಛಾವಣಿಯ ಮೇಲಾಗಲಿ ಇಡಬಹುದು. ಗಾಜಿಗೆ ಲೋಹಲೇಪನವಿರುವ ಕಾರುಗಳಲ್ಲಿ ಛಾವಣಿಯೇ ಸೂಕ್ತ. ಯು-ಬ್ಲಾಕ್ಸ್‌ನ 7ನೇ ಪೀಳಿಗೆಯ ಚಿಪ್ ಒಂದು ಸಲಕ್ಕೆ ಅಮೆರಿಕದ ಜಿಪಿಎಸ್ ಅಥವಾ ರಷ್ಯಾದ ಗ್ಲೋನಾಸ್ ಉಪಗ್ರಹ ವ್ಯವಸ್ಥೆಗಳ ಪೈಕಿ ಒಂದನ್ನೇ ಬಳಸುತ್ತದೆ, 8ನೇ ಪೀಳಿಗೆ ಎರಡನ್ನೂ ಒಟ್ಟಿಗೆ ಬಳಸುತ್ತದೆ. ಚಾರ್ಮಾಡಿಯಂತೆ ಒಂದು ಬದಿ ಗುಡ್ಡ, ಮೇಲೆ ಮರಗಳ ಚಪ್ಪರವಿರುವ ಘಾಟಿಯಲ್ಲಿ ಈ ವ್ಯತ್ಯಾಸಕ್ಕೆ ಹಣ ಕೊಡುವುದು ದಂಡವಲ್ಲ. ಭಾರತದ್ದೇ ಉಪಗ್ರಹ ವ್ಯವಸ್ಥೆ ನಾವಿಕ್ ಇದೆಯಲ್ಲ ಎನ್ನುವವರು ಗಮನಿಸಬೇಕು: ಅದರ ಮೊದಲ ಪೀಳಿಗೆಯ ಉಪಗ್ರಹಗಳು ಈ ಅಗ್ಗದ ರಿಸೀವರ್‌ಗಳು ಕೇಳುವ ಎಲ್1 ತರಂಗಾಂತರದಲ್ಲಿ ಮಾತನಾಡುವುದಿಲ್ಲ, ಆ ಸೌಲಭ್ಯ ಬಂದದ್ದು 2023ರಲ್ಲಿ ಹಾರಿದ ಎನ್‌ವಿಎಸ್-01 ಉಪಗ್ರಹದಿಂದ.

ಹೊರಡುವ ಹಿಂದಿನ ದಿನ ಬಯಲಿನಲ್ಲಿ ಪರೀಕ್ಷಿಸಿ. ಬರುವ ಸಾಲುಗಳನ್ನು ಹಾಗೇ ತೋರಿಸುವ ಟರ್ಮಿನಲ್ ತಂತ್ರಾಂಶದಲ್ಲಿ ಪೋರ್ಟ್ ತೆರೆದು, ವೇಗವನ್ನು (ಬಾಡ್ ದರ) ಹಳೆಯ ಸರ್ಫ್ (SiRF) ಕಂಪನಿಯ ಚಿಪ್‌ಗಳಿಗೆ 4800, ಯು-ಬ್ಲಾಕ್ಸ್‌ಗೆ 9600 ಎಂದು ಕೊಡಿ. $GPRMC ಅಥವಾ $GNRMC ಎಂದು ಆರಂಭವಾಗುವ ಸಾಲಿನಲ್ಲಿ ಸಮಯದ ನಂತರ 'V' ಅಕ್ಷರವಿದ್ದರೆ ಸ್ಥಾನ ಇನ್ನೂ ಸಿಕ್ಕಿಲ್ಲ, 'A' ಆದರೆ ಸಿಕ್ಕಿದೆ. ಪ್ರತಿ ಉಪಗ್ರಹವೂ ತನ್ನ ಕಕ್ಷೆಯ ವಿವರವನ್ನು 30 ಸೆಕೆಂಡಿಗೊಮ್ಮೆ ಪ್ರಸಾರ ಮಾಡುವುದರಿಂದ ಮೊದಲ ಬಾರಿಗೆ ಸುಮಾರು ಅರ್ಧ ನಿಮಿಷ ಕಾಯಬೇಕಾಗುತ್ತದೆ. ರಿಸೀವರ್ ಚುಚ್ಚಿಯೇ ಲ್ಯಾಪ್‌ಟಾಪ್ ಆನ್ ಮಾಡಿದಾಗ ಮೌಸ್ ಬಾಣ ಪರದೆಯ ತುಂಬ ಕುಣಿದಾಡಿದರೆ ವೈರಸ್ ಎಂದು ಗಾಬರಿಯಾಗಬೇಡಿ. ವಿಂಡೋಸ್ ಆ ಸಾಲುಗಳನ್ನು ಹಳೆಯ ಸೀರಿಯಲ್ ಮೌಸ್‌ನದೆಂದು ತಪ್ಪು ತಿಳಿದಿರುತ್ತದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಸೀರಿಯಲ್ ಬಾಲ್‌ಪಾಯಿಂಟ್ ಎಂಬುದನ್ನು ನಿಷ್ಕ್ರಿಯಗೊಳಿಸಿದರೆ ಸರಿಹೋಗುತ್ತದೆ.

ಚಾರ್ಜಿಂಗ್‌ಗೆ 12 ವೋಲ್ಟ್ ಸಾಕೆಟ್‌ಗೆ ಹೊಂದುವ ಕಾರ್ ಅಡಾಪ್ಟರ್ ಇನ್ವರ್ಟರ್‌ಗಿಂತ ಮೇಲು. ಲ್ಯಾಪ್‌ಟಾಪನ್ನು ಏರ್‌ಬ್ಯಾಗ್ ಬಿಚ್ಚಿಕೊಳ್ಳುವ ಜಾಗದ ಎದುರು ಇಡಬಾರದು. ಕೀಲಿಮಣೆ ಮುಟ್ಟುವ ಕೆಲಸ ಹಿಂದಿನ ಸೀಟಿನಲ್ಲಿ ಕುಳಿತವರದೇ ಆಗಿರಲಿ.