ಸ್ಪೋರ್ಟ್ಸ್ ರೊಮ್ಯಾನ್ಸ್ ಓದಿ ರಿವ್ಯೂ ಹಾಕೋರಿಗೆ ಒಂದು ಸಲಹೆ

ಚರ್ಚ್ ಸ್ಟ್ರೀಟ್ ಪುಸ್ತಕದಂಗಡಿಗಳಲ್ಲಿ ಈಗ ಸ್ಪೋರ್ಟ್ಸ್ ರೊಮ್ಯಾನ್ಸ್ ಅಂತ ಕೈಗೆ ಸಿಗೋದ್ರಲ್ಲಿ ಜಾಸ್ತಿ ಐಸ್ ಹಾಕಿ ಕಥೆಗಳೇ, ನಮಗೆ ಹಾಕಿ ಅಂದ್ರೆ ಟರ್ಫು, ಕೊಡಗಿನೋರು ಅಂತ ತಲೇಲಿ ಕೂತಿರುತ್ತೆ, ಹಂಗಾಗಿ ಓದೋಕ್ ಮುಂಚೆ ಸ್ವಲ್ಪ ರೂಲ್ಸ್ ನೋಡ್ಕೊಳಿ. 20 ನಿಮಿಷದ 3 ಪೀರಿಯಡ್ಡು, ಗೋಲ್‌ಕೀಪರ್ ಸೇರಿ ಒಂದ್ ಟೀಮಿಗೆ 6 ಜನ, ಸಣ್ಣ ಫೌಲ್ ಮಾಡಿದ್ರೆ 2 ನಿಮಿಷ ಪೆನಾಲ್ಟಿ ಬಾಕ್ಸಲ್ಲಿ ಕೂರ್ಬೇಕು, ಆಗ ಎದುರು ಟೀಮಿಗೆ ಪವರ್ ಪ್ಲೇ (ಕ್ರಿಕೆಟ್ಟಿಂದಲ್ಲ ಮತ್ತೆ!), ಅಂದ್ರೆ ಒಬ್ರು ಜಾಸ್ತಿ ಇಟ್ಕೊಂಡು ಆಡೋ ಚಾನ್ಸು. ಇಷ್ಟು ಗೊತ್ತಿದ್ರೆ ಹೀರೋ ಕೋಪದಲ್ಲಿ ಯಾರನ್ನೋ ಕೆಡವಿ ಬಾಕ್ಸಿಗೆ ಹೋದಾಗ ಟೀಮಿಗೆ ಏನ್ ಹೊಡ್ತ ಬಿತ್ತು ಅಂತ ಅರ್ಥ ಆಗುತ್ತೆ, ಇಲ್ಲಾಂದ್ರೆ ಬರೀ ಬಿಲ್ಡಪ್ ಥರ ಕಾಣುತ್ತೆ.

ರಿವ್ಯೂಲಿ "ಸೂಪರ್, 5 ಸ್ಟಾರ್" ಅಂತ ಮುಗಿಸ್ಬೇಡ್ರಪ್ಪ. ನಾನು ಕೇಳ್ಕೊಳೋದು ಒಂದೇ ಪ್ರಶ್ನೆ, ಈ ಹೀರೋನ ಮಾನ್ಯತಾ ಟೆಕ್ ಪಾರ್ಕಲ್ಲಿ ಕೆಲಸಕ್ಕೆ ಹಾಕಿದ್ರೂ ಕಥೆ ಹಂಗೇ ನಡೆಯುತ್ತಾ? ನಡೆದ್ರೆ ಜರ್ಸಿ ಸುಮ್ನೆ ಡ್ರೆಸ್ಸು ಅಷ್ಟೇ. ಎನ್‌ಎಚ್‌ಎಲ್‌ (ಅಮೆರಿಕ-ಕೆನಡಾದ ದೊಡ್ಡ ಐಸ್ ಹಾಕಿ ಲೀಗು) ರೆಗ್ಯುಲರ್ ಸೀಸನ್ನಲ್ಲಿ ಒಂದ್ ಟೀಮು 80ಕ್ಕೂ ಜಾಸ್ತಿ ಮ್ಯಾಚ್ ಆಡುತ್ತೆ, ಅರ್ಧ ಬೇರೆ ಊರಲ್ಲಿ, ಹಂಗಿದ್ರೂ ಹೀರೋ ದಿನಾ ಸಂಜೆ ಫ್ರೀ ಆಗಿ ಹೀರೋಯಿನ್ ಮನೇಲಿ ಅಡುಗೆ ಮಾಡ್ತಿದ್ರೆ ಅದನ್ನ ಧೈರ್ಯವಾಗಿ ಬರೀರಿ.

ಕ್ಲೈಮ್ಯಾಕ್ಸ್ ಮ್ಯಾಚ್ ಯಾರು ಗೆದ್ರು ಅಂತ ಮಾತ್ರ ಹೇಳ್ಬೇಡಿ. ಮತ್ತೆ ಬೆಡ್‌ರೂಮ್ ಸೀನ್ ಎಷ್ಟಿದೆ ಅಂತ ಮೊದಲ್ನೇ ಸಾಲಲ್ಲೇ ಹಾಕ್ಬಿಡಿ, ಕವರ್ ಮೇಲೆ ಮುದ್ದಾದ ಕಾರ್ಟೂನ್ ನೋಡಿ ಪಾಪ ಯಾರೋ ಹೈಸ್ಕೂಲ್ ಮಗಳಿಗೆ ಕೊಡಿಸ್ಬಿಡ್ತಾರೆ.