ಇಂಗ್ಲೆಂಡಿನಲ್ಲಿ ಕಂಪ್ಯೂಟರ್ ಸೈನ್ಸ್ ಪದವಿ ಪ್ರವೇಶ: ಹೊಸಬರಿಗೆ ಮಾರ್ಗದರ್ಶಿ

ಕೆಲಸದ ವೀಸಾದ ಮೇಲೆ ಇಂಗ್ಲೆಂಡಿಗೆ ಬಂದ ನಮ್ಮ ಕುಟುಂಬಗಳು ಸಂಘದ ಕಾರ್ಯಕ್ರಮಗಳಲ್ಲಿ ಮೊದಲು ಕೇಳುವ ಪ್ರಶ್ನೆ, ಇಲ್ಲಿ ಕಂಪ್ಯೂಟರ್ ಸೈನ್ಸ್ ಸೀಟಿಗೆ ಎಷ್ಟನೆಯ ರ‍್ಯಾಂಕ್ ಬರಬೇಕು ಎಂಬುದು. ಇಲ್ಲಿ ರ‍್ಯಾಂಕ್ ಪಟ್ಟಿಯೇ ಇಲ್ಲ. ಪಿಯುಸಿ ಅಂಕಗಳಿಗೆ ಅರ್ಧ, ಸಿಇಟಿಗೆ ಅರ್ಧ ತೂಕ ಕೊಟ್ಟು, ಆಪ್ಷನ್ ಎಂಟ್ರಿಯ ಕ್ರಮದಲ್ಲಿ ಸೀಟು ಹಂಚುವ ಪ್ರಾಧಿಕಾರವೂ ಇಲ್ಲ. ಅರ್ಜಿಗಳೆಲ್ಲ ಯೂಕ್ಯಾಸ್ ಎಂಬ ಒಂದೇ ಸಂಸ್ಥೆಯ ಮೂಲಕ ಹೋಗುತ್ತವೆಯಾದರೂ, ಯಾರನ್ನು ತೆಗೆದುಕೊಳ್ಳಬೇಕೆಂಬುದನ್ನು ಆಯಾ ವಿಶ್ವವಿದ್ಯಾಲಯವೇ ತೀರ್ಮಾನಿಸುತ್ತದೆ. ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಈ ತೀರ್ಮಾನಗಳಲ್ಲಿ ಹೆಚ್ಚಿನವು ವಿದ್ಯಾರ್ಥಿ ಅಂತಿಮ ಪರೀಕ್ಷೆ ಬರೆಯುವುದಕ್ಕೆ ಮೊದಲೇ ಆಗಿಬಿಟ್ಟಿರುತ್ತವೆ. ಊರಿನ ಅಭ್ಯಾಸದಲ್ಲಿ ಕೊನೆಯ ಪರೀಕ್ಷೆಯ ಹೊತ್ತಿಗೆ ಎಚ್ಚೆತ್ತುಕೊಂಡರೆ ಸಾಕೆಂದು ಕುಳಿತವರು ಇಲ್ಲಿ ಹಿಂದೆ ಬೀಳುತ್ತಾರೆ.

ವಿಷಯಗಳ ಆಯ್ಕೆ

ಹದಿನಾರನೆಯ ವಯಸ್ಸಿನಲ್ಲಿ, ನಮ್ಮ ಎಸ್‌ಎಸ್‌ಎಲ್‌ಸಿಯಂಥ ಪರೀಕ್ಷೆಯಾದ ಜಿಸಿಎಸ್‌ಇ ಮುಗಿಸಿದ ಮಕ್ಕಳು ಇಯರ್ 12 ಮತ್ತು 13ರಲ್ಲಿ ಸಾಮಾನ್ಯವಾಗಿ, ನಮ್ಮ ಪಿಯುಸಿಯಂಥ ಎ ಲೆವೆಲ್ ಹಂತದ ಮೂರೇ ವಿಷಯಗಳನ್ನು ಓದುತ್ತಾರೆ. ಪಿಸಿಎಂಸಿ ಎಂದು ನಾಲ್ಕು ವಿಷಯಗಳ ಲೆಕ್ಕ ಹಾಕಿಕೊಂಡು ಬಂದ ನಮ್ಮವರಿಗೆ ಇದು ಬಹಳ ಕಡಿಮೆ ಎನಿಸುತ್ತದೆ. ಆದರೆ ವಿಶ್ವವಿದ್ಯಾಲಯಗಳು ನೋಡುವುದು ಯಾವ ವಿಷಯಗಳು ಮತ್ತು ಯಾವ ಗ್ರೇಡ್ ಎಂಬುದನ್ನು. ನಾಲ್ಕೈದು ವಿಷಯಗಳನ್ನು ಹೊರಿಸಿ ಎಲ್ಲದರಲ್ಲೂ ಒಂದೊಂದು ಗ್ರೇಡ್ ಕಳೆದುಕೊಳ್ಳುವುದು ಜಾಣತನವಲ್ಲ.

ಗಣಿತ ಕಡ್ಡಾಯವೆಂದೇ ತಿಳಿಯಿರಿ. ಅದರ ಜೊತೆಗೆ ಫರ್ದರ್ ಮ್ಯಾಥ್ಸ್ ಎಂಬ ಪ್ರತ್ಯೇಕ ವಿಷಯವಿದೆ. ಪೈಪೋಟಿ ಹೆಚ್ಚಿರುವ ಪದವಿಗಳಿಗೆ ಅರ್ಜಿ ಹಾಕುವವರಲ್ಲಿ ಬಹುಪಾಲು ಮಂದಿ ಅದನ್ನು ಓದಿರುತ್ತಾರೆ. ಇದಕ್ಕೆ ವ್ಯತಿರಿಕ್ತವಾಗಿ, ಎ ಲೆವೆಲ್ ಕಂಪ್ಯೂಟರ್ ಸೈನ್ಸ್ ಅನ್ನು ಕೇಂಬ್ರಿಜ್, ಆಕ್ಸ್‌ಫರ್ಡ್, ಲಂಡನ್ನಿನ ಇಂಪೀರಿಯಲ್ ಕಾಲೇಜು ಯಾವುವೂ ಕಡ್ಡಾಯ ಮಾಡಿಲ್ಲ. ಕಂಪ್ಯೂಟರ್ ಓದಬೇಕಾದವರು ಕಂಪ್ಯೂಟರ್ ವಿಷಯವನ್ನೇ ತೆಗೆದುಕೊಳ್ಳಬೇಕಲ್ಲವೇ ಎಂದು ವಾದಿಸಿ, ಅದಕ್ಕಾಗಿ ಫರ್ದರ್ ಮ್ಯಾಥ್ಸ್ ಬಿಡಿಸಿದ ತಂದೆತಾಯಿಗಳನ್ನು ನಾವು ಕಂಡಿದ್ದೇವೆ. ದಯವಿಟ್ಟು ಹಾಗೆ ಮಾಡಬೇಡಿ. ನಿಮ್ಮ ಶಾಲೆಯಲ್ಲಿ ಫರ್ದರ್ ಮ್ಯಾಥ್ಸ್ ಕಲಿಸುವುದಿಲ್ಲವಾದರೆ ಆ ಸಂಗತಿಯನ್ನು ಶಿಕ್ಷಕರು ಶಿಫಾರಸು ಪತ್ರದಲ್ಲಿ ತಿಳಿಸುವಂತೆ ಕೇಳಿಕೊಳ್ಳಿ.

ಶಾಲೆ ಊಹಿಸುವ ಗ್ರೇಡ್

ಈ ಭಾಗವನ್ನು ಎರಡು ಸಲ ಓದಿ. ಎ ಲೆವೆಲ್ ಫಲಿತಾಂಶ ಬರುವುದು ಆಗಸ್ಟಿನಲ್ಲಿ. ಅರ್ಜಿ ಹೋಗುವುದು ಅದರ ಹಿಂದಿನ ಶರತ್ಕಾಲದಲ್ಲಿ ಅಥವಾ ಜನವರಿಯಲ್ಲಿ. ಹಾಗಾಗಿ ವಿಶ್ವವಿದ್ಯಾಲಯದ ಮುಂದೆ ಇರುವುದು ಜಿಸಿಎಸ್‌ಇ ಫಲಿತಾಂಶ ಮತ್ತು ಈ ವಿದ್ಯಾರ್ಥಿಗೆ ಮುಂದೆ ಇಂಥ ಗ್ರೇಡ್ ಬರಬಹುದೆಂದು ಶಾಲೆ ಬರೆದುಕೊಡುವ ಅಂದಾಜು, ಅಂದರೆ ಪ್ರಿಡಿಕ್ಟೆಡ್ ಗ್ರೇಡ್. ಕೇಂಬ್ರಿಜ್ ಮತ್ತು ಇಂಪೀರಿಯಲ್ ಸಾಮಾನ್ಯವಾಗಿ ಎರಡು ಎ ಸ್ಟಾರ್ (ಎಲ್ಲಕ್ಕಿಂತ ಮೇಲಿನ ಗ್ರೇಡ್), ಒಂದು ಎ ಕೇಳುತ್ತವೆ. ಆಕ್ಸ್‌ಫರ್ಡ್ ಒಂದು ಎ ಸ್ಟಾರ್, ಎರಡು ಎ ಕೇಳುತ್ತದೆ. ಶಾಲೆಯ ಅಂದಾಜು ಇದಕ್ಕಿಂತ ಕಡಿಮೆಯಿದ್ದರೆ ಅರ್ಜಿ ಬಾಗಿಲಲ್ಲೇ ನಿಲ್ಲುವ ಸಂಭವ ಹೆಚ್ಚು.

ಈ ಅಂದಾಜನ್ನು ಶಿಕ್ಷಕರು ಹೆಚ್ಚಾಗಿ ಇಯರ್ 12ರ ಕೊನೆಯ ಶಾಲಾ ಪರೀಕ್ಷೆ, ತರಗತಿಯ ಕಿರುಪರೀಕ್ಷೆಗಳು ಮತ್ತು ಹೋಮ್‌ವರ್ಕ್ ನೋಡಿ ನಿರ್ಧರಿಸುತ್ತಾರೆ. ನಮ್ಮಲ್ಲಿ ಪ್ರಥಮ ಪಿಯುಸಿಯನ್ನು ಹೇಗೋ ದಾಟಿಸಿ, ದ್ವಿತೀಯ ಪಿಯುಸಿಯಲ್ಲಿ ಕಟ್ಟುನಿಟ್ಟಾಗಿ ಓದಿಸುವ ರೂಢಿಯಿದೆ. ಅದೇ ರೂಢಿಯನ್ನು ಇಲ್ಲಿ ಅನುಸರಿಸಿದ ಕುಟುಂಬಗಳಿಗೆ ಭಾರೀ ಪೆಟ್ಟು ಬಿದ್ದಿದೆ. ನಮ್ಮ ಸ್ವಯಂಸೇವಕರೊಬ್ಬರ ಮಗಳಿಗೆ ಶಾಲೆಯೊಂದು ಗಣಿತದಲ್ಲಿ ಎ ಮಾತ್ರ ಊಹಿಸಿತು. ಮನೆಯವರು ಶಿಕ್ಷಕರಿಗೆ ಎದುರು ಮಾತನಾಡುವುದು ಸರಿಯಲ್ಲವೆಂದು ಸುಮ್ಮನಾದರು. ಮರುವರ್ಷ ಆಗಸ್ಟಿನಲ್ಲಿ ಬಂದದ್ದು ಎ ಸ್ಟಾರ್. ಆದರೆ ಆ ಹೊತ್ತಿಗೆ ಅವಳು ಬಯಸಿದ್ದ ಪದವಿಯ, ಇಂಥ ಗ್ರೇಡ್ ಬಂದರೆ ಸೀಟು ಕೊಡುತ್ತೇವೆಂಬ ಆಫರ್‌ಗಳೆಲ್ಲ ಹಂಚಿ ಮುಗಿದಿದ್ದವು. ಗುರುಗಳ ಮೇಲಿನ ಗೌರವ ನಮ್ಮ ಸಂಸ್ಕಾರ, ಅದು ಇರಲಿ. ಆದರೆ ಅಂದಾಜು ಯಾವ ಆಧಾರದ ಮೇಲೆ ಬಂತು, ಸೆಪ್ಟೆಂಬರಿನಲ್ಲಿ ಮತ್ತೊಂದು ಪರೀಕ್ಷೆ ಬರೆದು ಅದನ್ನು ಏರಿಸಿಕೊಳ್ಳಲು ಸಾಧ್ಯವೇ ಎಂದು ವಿನಯದಿಂದ ಕೇಳುವುದನ್ನು ಇಲ್ಲಿ ಯಾರೂ ಉದ್ಧಟತನವೆಂದು ಭಾವಿಸುವುದಿಲ್ಲ. ಸುಮ್ಮನಿರುವ ಮನೆಯವರಿಗೆ ಕಾಳಜಿ ಇಲ್ಲವೆಂದು ಭಾವಿಸುವವರೇ ಹೆಚ್ಚು.

ಅರ್ಜಿ

- ಒಟ್ಟು ಐದು ಆಯ್ಕೆಗಳು. ಅವುಗಳಿಗೆ ಆದ್ಯತೆಯ ಕ್ರಮವಿಲ್ಲ.
- ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ಎರಡಕ್ಕೂ ಒಂದೇ ವರ್ಷ ಅರ್ಜಿ ಹಾಕುವಂತಿಲ್ಲ.
- ಅವೆರಡಕ್ಕೂ ಕೊನೆಯ ದಿನ ಅಕ್ಟೋಬರ್ 15, ಉಳಿದವಕ್ಕೆ ಜನವರಿ. ಶಾಲೆಯ ಒಳಗಿನ ಗಡುವು ಇದಕ್ಕಿಂತ ಮೊದಲೇ ಇರುತ್ತದೆ.

ಪರ್ಸನಲ್ ಸ್ಟೇಟ್‌ಮೆಂಟ್

ಅರ್ಜಿಯ ಜೊತೆ ವಿದ್ಯಾರ್ಥಿ ತನ್ನ ಬಗ್ಗೆ ಬರೆಯುವ ಬರಹವಿದು. 2026ರ ಪ್ರವೇಶದಿಂದ ಇದನ್ನು ಮೂರು ಪ್ರಶ್ನೆಗಳಾಗಿ ವಿಂಗಡಿಸಲಾಗಿದೆ: ಈ ವಿಷಯವನ್ನೇ ಏಕೆ ಓದಬೇಕು, ಶಾಲೆಯ ಓದು ಅದಕ್ಕೆ ಹೇಗೆ ಸಿದ್ಧಗೊಳಿಸಿದೆ, ಶಾಲೆಯ ಹೊರಗೆ ಏನು ಮಾಡಿದ್ದೀರಿ. ಮೂರೂ ಸೇರಿ 4,000 ಅಕ್ಷರಗಳ ಮಿತಿಯಿದೆ. ಅಮೆರಿಕದಲ್ಲಿರುವ ಬಂಧುಗಳ ಸಲಹೆಯನ್ನು ಇಲ್ಲಿಗೆ ತರಬೇಡಿ. ಭರತನಾಟ್ಯದ ರಂಗಪ್ರವೇಶ, ಕರಾಟೆಯ ಬೆಲ್ಟು, ನಮ್ಮ ಸಂಘದ ರಾಜ್ಯೋತ್ಸವದ ನಿರೂಪಣೆ, ಇವೆಲ್ಲ ನಮಗೆ ಹೆಮ್ಮೆಯ ಸಂಗತಿಗಳೇ. ಆದರೆ ಕಂಪ್ಯೂಟರ್ ಸೈನ್ಸ್ ಪ್ರಾಧ್ಯಾಪಕರು ಅವುಗಳಿಗೆ ಅಷ್ಟಾಗಿ ಬೆಲೆ ಕೊಡುವುದಿಲ್ಲ. ಚಿಕ್ಕಂದಿನಿಂದಲೂ ಕಂಪ್ಯೂಟರ್ ಎಂದರೆ ಇಷ್ಟ ಎಂಬ ವಾಕ್ಯದಿಂದ ಅವರಿಗೆ ಏನೂ ತಿಳಿಯದು. ತಾನು ಬರೆದ ಬಸ್ ಮಾರ್ಗ ಹುಡುಕುವ ಪ್ರೋಗ್ರಾಮ್ ಇಪ್ಪತ್ತು ನಿಲ್ದಾಣಗಳಿಗೆ ಸರಾಗವಾಗಿ ನಡೆದು ಇನ್ನೂರಕ್ಕೆ ಏಕೆ ತೆವಳತೊಡಗಿತು, ಅದನ್ನು ಹೇಗೆ ಸರಿಪಡಿಸಿದೆ ಎಂದು ನಾಲ್ಕು ಸಾಲಿನಲ್ಲಿ ಬರೆದರೆ ತಿಳಿಯುತ್ತದೆ. ಹಣ ತೆತ್ತು ಬೇರೆಯವರಿಂದ ಬರೆಸಬೇಡಿ. ನಕಲನ್ನು ಪತ್ತೆಹಚ್ಚಲು ಯೂಕ್ಯಾಸ್ ಎಲ್ಲ ಬರಹಗಳನ್ನೂ ಹೋಲಿಸಿ ನೋಡುತ್ತದೆ.

ಪ್ರವೇಶ ಪರೀಕ್ಷೆ ಮತ್ತು ಸಂದರ್ಶನ

ಕೇಂಬ್ರಿಜ್ ಮತ್ತು ಇಂಪೀರಿಯಲ್‌ಗೆ ಟಿಎಂಯುಎ ಎಂಬ ಗಣಿತ ಪರೀಕ್ಷೆಯನ್ನು ಬರೆಯಬೇಕು. ಅದರಲ್ಲಿ 75 ನಿಮಿಷಗಳ ಎರಡು ಪತ್ರಿಕೆಗಳಿರುತ್ತವೆ, ಪ್ರತಿಯೊಂದರಲ್ಲೂ 20 ಪ್ರಶ್ನೆಗಳು, ಕ್ಯಾಲ್ಕುಲೇಟರ್ ಬಳಸುವಂತಿಲ್ಲ. ಇದಕ್ಕೆ ಯೂಕ್ಯಾಸ್ ಅರ್ಜಿಯಲ್ಲದೆ ಬೇರೆಯಾಗಿ ನೋಂದಾಯಿಸಿಕೊಳ್ಳಬೇಕು. ಎರಡನೆಯ ಪತ್ರಿಕೆ ತರ್ಕ ಮತ್ತು ಗಣಿತದ ಸಾಧನೆಯ (ಪ್ರೂಫ್) ಕುರಿತಾದದ್ದು. ಸೂತ್ರಗಳನ್ನು ಬಾಯಿಪಾಠ ಮಾಡಿದ ಮಕ್ಕಳು ಅಲ್ಲೇ ಎಡವುತ್ತಾರೆ.

ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್‌ನಲ್ಲಿ ಸಾಮಾನ್ಯವಾಗಿ ಡಿಸೆಂಬರಿನಲ್ಲಿ ಸಂದರ್ಶನವಿರುತ್ತದೆ. ಕಲಿಸುವ ಪ್ರಾಧ್ಯಾಪಕರೇ ಪ್ರಶ್ನೆ ಕೇಳುತ್ತಾರೆ. ಚದುರಂಗದ ಮಣೆಯಲ್ಲಿ ಕರ್ಣರೇಖೆಯ ಎರಡು ತುದಿಗಳ ಮೂಲೆಮನೆಗಳನ್ನು ಕತ್ತರಿಸಿದರೆ, ಉಳಿದ 62 ಮನೆಗಳನ್ನು ಅಕ್ಕಪಕ್ಕದ ಎರಡೆರಡು ಮನೆ ಮುಚ್ಚುವ ಬಿಲ್ಲೆಗಳಿಂದ ಪೂರ್ತಿ ಮುಚ್ಚಲು ಸಾಧ್ಯವೇ ಎಂಬಂಥ ಪ್ರಶ್ನೆಯನ್ನು ಊಹಿಸಿಕೊಳ್ಳಿ. ಕತ್ತರಿಸಿದ ಎರಡೂ ಮನೆಗಳು ಒಂದೇ ಬಣ್ಣದವು, ಬಿಲ್ಲೆಯೋ ಬಣ್ಣಕ್ಕೊಂದರಂತೆ ಮುಚ್ಚುತ್ತದೆ, ಆದ್ದರಿಂದ ಸಾಧ್ಯವಿಲ್ಲ. ಆದರೆ ಉತ್ತರವಷ್ಟೇ ಮುಖ್ಯವಲ್ಲ. ಮಗು ಯೋಚನೆಯನ್ನು ಬಾಯಿಬಿಟ್ಟು ಹೇಳುತ್ತದೆಯೇ, ಸುಳಿವು ಕೊಟ್ಟಾಗ ಹಿಡಿದುಕೊಳ್ಳುತ್ತದೆಯೇ ಎಂಬುದನ್ನು ಅವರು ಗಮನಿಸುತ್ತಾರೆ. ಹಿರಿಯರ ಮುಂದೆ ಅರೆಬರೆ ಮಾತನಾಡಬಾರದೆಂದು ನಾವು ಕಲಿಸಿದ ಪಾಠ ಇಲ್ಲಿ ಮಕ್ಕಳಿಗೆ ಅಡ್ಡಬರುತ್ತದೆ. ಮನೆಯಲ್ಲೇ ಗಟ್ಟಿಯಾಗಿ ಯೋಚಿಸುವ ಅಭ್ಯಾಸ ಮಾಡಿಸಿ.

ಶುಲ್ಕದ ವರ್ಗ

ಇಂಗ್ಲೆಂಡಿನಲ್ಲಿ ಹೋಮ್ ವರ್ಗದ, ಅಂದರೆ ಸ್ಥಳೀಯರೆಂದು ಪರಿಗಣಿಸುವ ವಿದ್ಯಾರ್ಥಿಗೆ 2025–26ರಲ್ಲಿ ವರ್ಷಕ್ಕೆ ಗರಿಷ್ಠ 9,535 ಪೌಂಡ್ ಶುಲ್ಕ. ಅಂತರರಾಷ್ಟ್ರೀಯ ವರ್ಗದವರಿಗೆ ಅದರ ಹಲವು ಪಟ್ಟು. ಇಲ್ಲಿನ ಶಾಲೆಯಲ್ಲಿ ಓದಿದ ಮಾತ್ರಕ್ಕೆ, ತೆರಿಗೆ ಕಟ್ಟಿದ ಮಾತ್ರಕ್ಕೆ ಹೋಮ್ ವರ್ಗ ಸಿಗುವುದಿಲ್ಲ. ನಮ್ಮಂಥ ಹೆಚ್ಚಿನ ಕುಟುಂಬಗಳ ವಿಷಯದಲ್ಲಿ, ಪದವಿಯ ಮೊದಲ ಶೈಕ್ಷಣಿಕ ವರ್ಷ ಆರಂಭವಾಗುವ ದಿನ ವಿದ್ಯಾರ್ಥಿಗೆ ಕಾಯಂ ನೆಲೆಸುವ ಅನುಮತಿ ಇರಬೇಕು ಮತ್ತು ಅದರ ಹಿಂದಿನ ಮೂರು ವರ್ಷ ಇಲ್ಲಿಯೇ ವಾಸವಾಗಿರಬೇಕು. ತಂದೆತಾಯಿಗಷ್ಟೇ ಅನುಮತಿ ಬಂದು ಮಗುವಿನ ಅರ್ಜಿ ಬಾಕಿ ಉಳಿದರೆ ಪ್ರಯೋಜನವಿಲ್ಲ. ಈ ಲೆಕ್ಕವನ್ನು ಇಯರ್ 11ರಲ್ಲೇ ಮಾಡಿಕೊಳ್ಳಿ.

ಫಲಿತಾಂಶದ ದಿನ

ಆಫರ್‌ಗಳು ಬಂದ ಮೇಲೆ ಒಂದನ್ನು ಮೊದಲ ಆಯ್ಕೆಯಾಗಿಯೂ, ಕಡಿಮೆ ಗ್ರೇಡ್ ಕೇಳುವ ಇನ್ನೊಂದನ್ನು ಭದ್ರತೆಗಾಗಿಯೂ ಇಟ್ಟುಕೊಳ್ಳಬೇಕು. ಆಗಸ್ಟಿನಲ್ಲಿ ಎರಡೂ ಕೈತಪ್ಪಿದರೆ ಉಳಿದ ಸೀಟುಗಳನ್ನು ತುಂಬುವ ಕ್ಲಿಯರಿಂಗ್ ಎಂಬ ವ್ಯವಸ್ಥೆಯಿದೆ. ಅಂದು ವಿಶ್ವವಿದ್ಯಾಲಯಗಳಿಗೆ ಕರೆ ಮಾಡಬೇಕಾದವರು ವಿದ್ಯಾರ್ಥಿಯೇ. ಅರ್ಜಿಯಲ್ಲಿ ಮೊದಲೇ ನಿಮ್ಮ ಹೆಸರನ್ನು ಪ್ರತಿನಿಧಿಯೆಂದು ನಮೂದಿಸದಿದ್ದರೆ, ತಂದೆತಾಯಿಯಾದರೂ ಅವರು ನಿಮ್ಮೊಂದಿಗೆ ಅರ್ಜಿಯ ವಿಚಾರ ಮಾತನಾಡುವುದಿಲ್ಲ.